ಕೂಗುವ ಗಿಟಾರು

ಏಳನೆಯ ಗಿಟಾರು ಕೂಗಿತು, ಆದರೆ ತಪ್ಪು ಸ್ವರದಲ್ಲಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮುಕ್ಕಾಲಿಯ ಮೇಲೆ ಕೂತು, ಗಿಟಾರಿನ ಹೊಟ್ಟೆಯನ್ನು ಸ್ಪೀಕರಿಗೆ ಎದುರಾಗಿ ಹಿಡಿದು, ತಂತಿಗಳ ಮೇಲಿಂದ ಎರಡೂ ಕೈ ತೆಗೆದು ಅವನು ಕಾದಿದ್ದ. ಮೊದಲು ಗೊರಗೊರ, ಆಮೇಲೆ ಗುಂಯ್ ಎಂದು ತಾನಾಗಿ ಹುಟ್ಟಿದ ಆ ಊಳು ಗೋಡೆಗೆ ನೇತುಹಾಕಿದ್ದ ಪಿಟೀಲುಗಳನ್ನೆಲ್ಲ ನಡುಗಿಸುವಾಗ, ಜೇಬಿನಿಂದ ಮಕ್ಕಳ ಮೌತ್ ಆರ್ಗನ್ನು ತೆಗೆದು ಮೂರನೆಯ ತೂತನ್ನು ಊದಿ ನೋಡಿದ. ಊಳು ಅದಕ್ಕಿಂತ ಒಂದು ಮನೆ, ಅಂದರೆ ಅರ್ಧ ಸ್ವರ, ಮೇಲಿತ್ತು. ತಂತಿಗಳ ಮೇಲೆ ಅಂಗೈ ಇಟ್ಟ, ಸದ್ದು ನಿಂತಿತು. ಅಂಗಡಿಯವನು ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. "ಸಾರ್, ಈ ಸೆಮಿ ಅಕೌಸ್ಟಿಕ್ ಬಾಸ್ ಕೇಳ್ಕೊಂಡು ಬರೋರೇ ಕಮ್ಮಿ. ಬಂದೋರು ಕೂಗದೇ ಇರೋದು ಕೊಡಿ ಅಂತಾರೆ. ಕೂಗೋದೇ ಬೇಕು ಅಂತ ಬಂದವರು ನೀವೊಬ್ಬರೇ." ಅವನು ಗಿಟಾರನ್ನು ವಾಪಸು ಕೊಡುತ್ತ, "ಕೂಗಬೇಕು, ಈ ಸ್ವರದಲ್ಲೇ ಕೂಗಬೇಕು" ಎಂದ. "ಕಚ್ಚೋ ನಾಯಿನೇ ಬೇಕು, ಅದೂ ಎಡಗಾಲಿಗೇ ಕಚ್ಚಬೇಕು ಅಂದಂಗಾಯ್ತು" ಎಂದು ಅಂಗಡಿಯವನು ನಕ್ಕ. ಅವನಿಗೆ ನಗು ಬರಲಿಲ್ಲ. ಬೇಕಾಗಿದ್ದುದು ಅದೇ ನಾಯಿ.

ಈ ನಾಲ್ಕು ತಿಂಗಳಲ್ಲಿ ಗಿಟಾರುಗಳ ಹೊಟ್ಟೆಯ ವಿಷಯ ಅವನಿಗೆ ಅವುಗಳನ್ನು ಮಾಡುವವರಿಗಿಂತ ಹೆಚ್ಚು ಗೊತ್ತಾಗಿತ್ತು. ತಗ್ಗು ದನಿಯ ಈ ಬಾಸ್ ಗಿಟಾರು ಗಟ್ಟಿ ಮರದ್ದಾದರೆ, ವೈರು ಕಿತ್ತೊಡನೆ ಮೂಕ. ಈ ಅರೆ ಟೊಳ್ಳಿನದು ಹಾಗಲ್ಲ, ವೈರೂ ಉಂಟು, ತನ್ನದೇ ಒಂದು ಹೊಟ್ಟೆಯೂ ಉಂಟು. ಸ್ಪೀಕರಿನ ಹತ್ತಿರ ಒಯ್ದು ಕೈಬಿಟ್ಟರೆ ತನ್ನ ಸದ್ದನ್ನು ತಾನೇ ಕೇಳಿಸಿಕೊಂಡು ಊಳಿಡುತ್ತದೆ, ಪ್ರತಿ ಹೊಟ್ಟೆಗೂ ಅದರದೇ ಒಂದು ಸ್ವರ. ಹಾಡುಗಾರ ಭಾವನ ಆ ಒಂದು ಸ್ವರಕ್ಕೆ ಕೂಗುವುದು ಎಲ್ಲೋ ಒಂದು ಇದ್ದೇ ಇರುತ್ತದೆ ಎಂದು ಅವನು ನಂಬಿದ್ದ. ಎದುರಿಗೆ ಭಾವ, ನೀವು, ಹೌದು ಭಾವ. ಮನಸ್ಸಿನಲ್ಲಿ ಮಾತ್ರ ಏಕವಚನ. ಅಕ್ಕನ ಗಂಡ ಎಂಬ ಒಂದು ದಾಕ್ಷಿಣ್ಯ ಇಪ್ಪತ್ತೆರಡು ವರ್ಷ ಆ ಮನುಷ್ಯನನ್ನು ಕಾಪಾಡಿತ್ತು. ಇನ್ನು ಕಾಪಾಡಬೇಕಾದ್ದಿಲ್ಲ ಎಂದು ನಡೆದೇ ಹೊರಟ, ಬಸ್ಸಿಗೆ ಕಾಯುವ ವ್ಯವಧಾನವೂ ಇರಲಿಲ್ಲ.

ಕೆಲಸದ ಕೋಣೆ ಹಲ್ಲಿನ ಡಾಕ್ಟರ ದವಾಖಾನೆಯ ಹಿಂದೆ. ಡಾಕ್ಟರು ಮುಂದೆ ಬಾಯಿ ನೋಡುತ್ತಾರೆ, ಇವನು ಹಿಂದೆ ಹಲ್ಲು ಕಟ್ಟುತ್ತಾನೆ. ಮೇಜಿನ ಮೇಲೆ ಸಾಲಾಗಿ ಜನರ ದವಡೆಯ ಅಚ್ಚುಗಳು, ಸುಣ್ಣದ ಬಿಳುಪಿನಲ್ಲಿ ಬಾಯಿ ತೆರೆದು ಕೂತಿರುತ್ತವೆ. ಮೇಣ ಕಾಯಿಸುವ ದೀಪದ ಮೇಲಿನ ಗೋಡೆಯಲ್ಲಿ ಒಂದು ಫೋಟೋ ಇತ್ತು: ಇಪ್ಪತ್ತೇಳರ ಅವನು, ಹೆಗಲಿಗೆ ಗಿಟಾರು, ಮುಂದೆ ಭಾವನ ಬೆನ್ನು, ಅದರಾಚೆ ಜನ ತುಂಬಿದ ಹಾಲು. ಹೊಸದಾಗಿ ಕೆಲಸಕ್ಕೆ ಬಂದವರೆಲ್ಲ "ಇದು ನೀವಾ ಸಾರ್?" ಎಂದು ಕೇಳುವಷ್ಟು ದೊಡ್ಡದಾಗಿ ಅದನ್ನು ಹಾಕಿಸಿದ್ದ. ಅದರ ಕೆಳಗೇ, ಈಗ ಎಂಟು ತಿಂಗಳಾಯಿತು, ಒಬ್ಬ ಮುದುಕ ಮೈಕಿನವನು ಬಂದು ಕೂತದ್ದು. ಭಾವನ ಹಾಡಿನ ತಂಡದ ಮೈಕು, ಸ್ಪೀಕರು, ಗುಂಡಿಗಳ ಪೆಟ್ಟಿಗೆ ಎಲ್ಲ ನೋಡಿಕೊಳ್ಳುತ್ತಿದ್ದವನು. ಈಗ ಬಾಯಲ್ಲಿ ಒಂದೂ ಹಲ್ಲಿಲ್ಲ. ಫೋಟೋ ನೋಡಿ ಬೊಚ್ಚು ಬಾಯಿ ಅರಳಿಸಿದ. "ನೀವು ನಿಮ್ಮ ಭಾವನೋರ ತಂಡದಲ್ಲಿ ಗಿಟಾರ್ ಹಿಡ್ಕೊಂಡು ನಿಲ್ತಿದ್ರಿ ಅಲ್ವಾ?" "ಬಾರಿಸ್ತಿದ್ದೆ." "ಅದೇ ಅದೇ. ಪಾಪ, ನಿಮ್ಮ ಗಿಟಾರಿನ ಸದ್ದು ನಾನು ಹಾಲ್‌ಗೆ ಬಿಡ್ತಾನೇ ಇರಲಿಲ್ಲ. ಮೊದಲನೇ ದಿನದಿಂದ ಕಡೇ ದಿನದವರೆಗೂ. ಹಾಲ್‌ಗೆ ಬೇಡ, ಕಟ್ ಮಾಡಪ್ಪ ಅಂತ ಭಾವನೋರೇ ಹೇಳಿದ್ರು. ನಿಮಗೆ ಗೊತ್ತಿತ್ತು ಅಂದ್ಕೊಂಡಿದ್ದೆ." ಅವನ ಕೈಯಲ್ಲಿ ಬಿಸಿ ಮೇಣವಿತ್ತು. ಬಾಯಿ ತೆಗೆಯಿರಿ ಎಂದ. ಅಳತೆ ತೆಗೆದುಕೊಂಡ. ಗಟ್ಟಿಯಾಗುವ ತನಕ ಮುದುಕನ ಗಲ್ಲ ಹಿಡಿದುಕೊಂಡೇ ಇದ್ದ, ಇನ್ನೊಂದು ಮಾತು ಹೊರಬೀಳಬಾರದೆಂದು.

ಎರಡು ವರ್ಷ. ನೂರಾ ನಲವತ್ತಕ್ಕೂ ಹೆಚ್ಚು ಕಾರ್ಯಕ್ರಮ. ಬೆನ್ನ ಹಿಂದಿನ ಪುಟ್ಟ ಸ್ಪೀಕರಿನಲ್ಲಿ ಅವನದು ಅವನಿಗೆ ಕೇಳುತ್ತಿತ್ತು, ಹಾಲಿಗೂ ಕೇಳುತ್ತಿದೆ ಎಂದು ನಂಬಿದ್ದ. ಮೂರನೆಯ ಸಾಲಿನ ಜನರ ತಲೆಗಳು ತೂಗುವುದನ್ನು ನೋಡಿ, ತೂಗಿಸುತ್ತಿರುವವನು ನಾನು ಎಂದು ತಿಳಿದಿದ್ದ. ಬೆರಳ ತುದಿ ಒಡೆದು ರಕ್ತ ಬಂದಾಗ ಮೇಣ ಸವರಿಕೊಂಡು ಬಾರಿಸಿದ್ದ. ಚಿಕ್ಕ ಮಕ್ಕಳ ಆಟದಲ್ಲಿ ಅಳುವ ಮಗುವನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಾರಲ್ಲ, ಅಷ್ಟೇ ತಾನಿದ್ದದ್ದು. ಕಡೆಗೆ ಒಂದು ದಿನ ಭಾವ, "ಇನ್ಮೇಲೆ ಕೀಬೋರ್ಡಿನಲ್ಲೇ ಬಾಸೂ ಬರುತ್ತೆ ಕಣೋ" ಎಂದು ಬೆನ್ನು ತಟ್ಟಿದಾಗ, ಹೋಗಲಿ, ಎರಡು ವರ್ಷವಾದರೂ ಜನ ಕೇಳಿದರಲ್ಲ ಎಂದು ಸಮಾಧಾನ ಮಾಡಿಕೊಂಡು ಗಿಟಾರು ಮಾರಿದ್ದ. ಆಮೇಲಿನ ಬದುಕನ್ನೆಲ್ಲ ಆ ಎರಡು ವರ್ಷದ ಬಡ್ಡಿಯಲ್ಲಿ ನಡೆಸಿದ್ದ. ಅಸಲೇ ಇರಲಿಲ್ಲ. ಫೋಟೋ ತೆಗೆದುಬಿಡಬೇಕೆಂದು ಎರಡು ಸಲ ಕುರ್ಚಿ ಹತ್ತಿದ. ಯಾಕೆ ತೆಗೆದಿರಿ ಎಂದು ಯಾರಾದರೂ ಕೇಳಿದರೆ ಏನು ಹೇಳುವುದೆಂದು ತಿಳಿಯದೆ ಇಳಿದ. ಅಂದಿನಿಂದ ಅದಕ್ಕೆ ಬೆನ್ನು ಮಾಡಿ ಕೂತು ಕೆಲಸ ಮಾಡುತ್ತಿದ್ದಾನೆ.

ಸೇಡಿಗೆ ಸುಲಭದ ದಾರಿಯೊಂದು ಮೊದಲೇ ಕೈಗೆ ಬಂದಿತ್ತು. ಆ ತಿಂಗಳೇ ಭಾವನ ಮೇಲಿನ ನಾಲ್ಕು ಹಲ್ಲುಗಳ ಕಟ್ಟು ಇದೇ ಮೇಜಿಗೆ ಬಂತು. ಕೂದಲೆಳೆಯಷ್ಟು ದಪ್ಪ ಬಿಟ್ಟರೆ ಸಾಕು, ಹಾಡುವಾಗ ಪ್ರತಿ ಮಾತಿಗೂ ಸೀಟಿ ಹೊಡೆಯುತ್ತಿದ್ದ ಮಹಾನುಭಾವ. ಒಂದು ಮಧ್ಯಾಹ್ನ ಪೂರ್ತಿ ಆ ನಾಲ್ಕು ಹಲ್ಲುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಆಮೇಲೆ ತನ್ನ ಜೀವಮಾನದಲ್ಲೇ ಅಷ್ಟು ನಿಖರವಾದ ಕಟ್ಟು ಮಾಡಿರಲಿಲ್ಲವೆನ್ನುವಂತೆ ಮಾಡಿ ಕಳಿಸಿದ. ಕೈಕೆಲಸ ಕೆಡಿಸುವುದು ಅವನಿಂದ ಆಗದು. ಅದಕ್ಕೂ ಭಾವನ ಮೇಲೇ ಕೋಪ ಬಂತು.

ಅಷ್ಟರಲ್ಲಿ ಅಕ್ಕನ ಫೋನು. ತಂಡಕ್ಕೆ ಮೂವತ್ತು ವರ್ಷವಂತೆ, ಫೋಟೋದ ಅದೇ ಹಾಲಿನಲ್ಲಿ ಕೊನೆಯ ಕಾರ್ಯಕ್ರಮವಂತೆ. "ನೀನೂ ಬಾರಿಸಬೇಕಂತೆ ಕಣೋ. ಅವರೇ ಹೇಳು ಅಂದ್ರು, ಅವರಿಗೆ ಕೇಳೋಕೆ ಸಂಕೋಚ." ಆಗಲಿ ಎಂದ. ಅಷ್ಟು ಬೇಗ ಒಪ್ಪಿದ್ದಕ್ಕೆ ಅಕ್ಕ ಫೋನಿನಲ್ಲೇ ಮೂಗು ಸೇದಿದಳು. ಅವಳು ಅಳುವುದೇ ಹಾಗೆ, ಮೂಗಿನಿಂದ. ಅವನು ಮನಸ್ಸಿನಲ್ಲಿ ಆಗಲೇ, ತಂಡ ಪ್ರತಿ ಸಲ ಹಾಡುತ್ತಿದ್ದ ಆ ಹಾಡಿನ ಮೂರನೆಯ ಚರಣಕ್ಕೆ ಹೋಗಿ ನಿಂತಿದ್ದ. ಭಾವನಿಗೆ ಹೆಸರು ತಂದದ್ದೇ ಆ ಜಾಗ: ಅವನ ಬಾಸ್ ಬಿಟ್ಟು ಎಲ್ಲ ವಾದ್ಯಗಳೂ ಥಟ್ಟನೆ ನಿಲ್ಲುತ್ತವೆ, ಹನ್ನೆರಡು ಎಣಿಕೆಯ ಒಂದೇ ಉದ್ದ ಸ್ವರ. ಯಾವ ಆಸರೆಯೂ ಇಲ್ಲದೆ ಕೂದಲಷ್ಟೂ ಜಾರದ ದನಿ ಎಂದು ಪತ್ರಿಕೆಗಳು ಬರೆದಿದ್ದವು. ಕೆಳಗೆ ತಾನು ಬಾಸ್ ಹಿಡಿದಿರುತ್ತಿದ್ದೆನಲ್ಲ, ಇದೇನು ಹೀಗೆ ಬರೆದಿದ್ದಾರೆ ಎಂದು ಆಗ ಅವನಿಗೆ ಒಂದು ಸಣ್ಣ ಬೇಜಾರಾಗಿತ್ತು. ಪತ್ರಿಕೆಯವರಿಗೆ ಕಿವಿಯಿಲ್ಲ ಎಂದುಕೊಂಡಿದ್ದ. ಅವರಿಗೆ ಕಿವಿ ಸರಿಯಾಗೇ ಇತ್ತು. ಈ ಸಲ ಅದೇ ಹನ್ನೆರಡು ಎಣಿಕೆಯಲ್ಲಿ, ಅದೇ ಸ್ವರದಲ್ಲಿ ಗಿಟಾರು ಊಳಿಟ್ಟು ಭಾವನ ದನಿಯನ್ನು ಇಡಿಯಾಗಿ ನುಂಗಬೇಕು. ಭಾವ ಬಾಯಿ ತೆರೆದು ನಿಂತಿರಬೇಕು, ಒಬ್ಬನಿಗೂ ಕೇಳಿಸಬಾರದು. ಯಾರ ತಪ್ಪೆಂದು ಹುಡುಕಿದರೆ ಹೊಟ್ಟೆಯ ಗಿಟಾರು ಸ್ವಾಮಿ, ಕೂಗಿಬಿಡ್ತು, ಏನು ಮಾಡೋದು ಅಂದರಾಯಿತು.

ಹನ್ನೊಂದನೆಯ ಗಿಟಾರು ಸಿಕ್ಕಿದ್ದು ಅಕ್ಕನ ಮನೆಯಿಂದ ಎರಡು ಬೀದಿ ಆಚೆ, ತೀರಿಹೋದ ಸಂಗೀತದ ಮೇಷ್ಟರೊಬ್ಬರ ಮನೆಯಲ್ಲಿ. ಗಿಟಾರು ಮಾರಲಿದೆ ಎಂಬ ಚೀಟಿಯನ್ನು ತರಕಾರಿ ಅಂಗಡಿಯ ಕಂಬದ ಮೇಲೆ ನೋಡಿ ಹೇಳಿದವಳೇ ಅಕ್ಕ. ಜೊತೆಗೆ ಬಂದವಳೂ ಅವಳೇ. ಮೇಷ್ಟರ ಹೆಂಡತಿ ಪೆಟ್ಟಿಗೆ ತೆರೆಯುವ ಮೊದಲೇ ತಪ್ಪೊಪ್ಪಿಕೊಂಡರು. "ನೋಡಿ, ಸುಳ್ಳು ಹೇಳಲ್ಲ. ಹಲಗೆ ಒಡೆದಾಗ ಇವರೇ ಹೊಸದು ಹಾಕಿದ್ರು. ಅಂಟು ಹಚ್ಚೋ ಆತುರದಲ್ಲಿ ಒಳಗಿನ ಅಡ್ಡಪಟ್ಟಿ ಹಾಕೋದೇ ಮರೆತ್ರು. ಆಮೇಲೆ ಬಿಚ್ಚೋಕೆ ಮನಸ್ಸು ಬರಲಿಲ್ಲ. ಕೂಗುತ್ತೆ. ಅದಕ್ಕೇ ಹೊಟ್ಟೆಗೆ ಈ ಟವೆಲ್ ತುರುಕಿ ಬಾರಿಸ್ತಿದ್ರು. ಟವೆಲ್ ಇದ್ದರೆ ಪಾಪದ್ದು, ಇಲ್ಲದಿದ್ರೆ ಮಾತ್ರ ಹತ್ತಿರ ಹೋಗಬೇಡಿ." ತೂತಿನಿಂದ ಅವರು ಎಳೆದು ತೆಗೆದ ಹಳದಿ ಟವೆಲು ಧೂಳಿನಿಂದ ಬೂದುಬಣ್ಣಕ್ಕೆ ತಿರುಗಿತ್ತು. ಮೇಷ್ಟರ ಹಳೆಯ ಸ್ಪೀಕರಿಗೆ ವೈರು ಸಿಕ್ಕಿಸಿ ಅವನು ತಂತಿಗಳ ಮೇಲಿಂದ ಕೈ ತೆಗೆದ. ಎರಡು ಉಸಿರಾಗುವಷ್ಟರಲ್ಲಿ ಬೆಳೆದುಬಂದ ಆ ಊಳನ್ನು ಮೌತ್ ಆರ್ಗನ್ನಿನಿಂದ ನೋಡಬೇಕಾಗಿಯೇ ಇರಲಿಲ್ಲ. ಎರಡು ಸ್ಥಾಯಿ ಕೆಳಗೆ, ಆದರೆ ಅದೇ ಸ್ವರ. ಅವನ ಹಲ್ಲಿನ ಬೇರಿನ ತನಕ ಸುಖ ಇಳಿಯಿತು. "ಅಯ್ಯೋ, ನಿಲ್ಲಿಸೋ" ಎಂದು ಅಕ್ಕ ಕಿವಿ ಮುಚ್ಚಿಕೊಂಡಳು. ಹೊರಡುವಾಗ ಅವಳು ಟವೆಲನ್ನು ತಾನೇ ಎತ್ತಿಕೊಂಡು, "ಇದನ್ನ ಒಗೆದು ಕೊಡ್ತೀನಿ, ಎಷ್ಟು ಕೊಳೆಯಾಗಿದೆ" ಎಂದಳು. ಮೂರು ದಿನ ಬಿಟ್ಟು ತಂದು ಕೊಟ್ಟಳು, ಇಸ್ತ್ರಿ ಹಾಕಿ ನಾಲ್ಕು ಮಡಿಕೆ ಮಾಡಿ. ಅವನು ಅದನ್ನು ಹಾಗೇ ಪೆಟ್ಟಿಗೆಯ ತಳಕ್ಕೆ ಸೇರಿಸಿದ.

ಅಲ್ಲಿಂದ ಮುಂದಿನ ಮೂರು ವಾರ ಅವನು ಬಹಳ ಒಳ್ಳೆಯವನಾಗಿದ್ದ. ಡಾಕ್ಟರು ರೇಗಿದರೂ ನಕ್ಕ, ಬಸ್ಸಿನಲ್ಲಿ ಮುದುಕರಿಗೆ ಜಾಗ ಬಿಟ್ಟುಕೊಟ್ಟ. ಒಳಗೊಂದು ಕಿಚ್ಚು ಸಣ್ಣಗೆ, ಹೊಗೆಯಿಲ್ಲದೆ ಉರಿಯುತ್ತಿದ್ದರೆ ಮನುಷ್ಯ ಎಷ್ಟು ಸಂಭಾವಿತನಾಗುತ್ತಾನೆಂದು ಅವನಿಗೇ ಆಶ್ಚರ್ಯ. ಆ ಮೈಕಿನ ಮುದುಕ ಹಲ್ಲಿನ ಸೆಟ್ಟು ಸ್ವಲ್ಪ ಒತ್ತುತ್ತದೆಂದು ಬಂದಾಗಲೂ ಕೂರಿಸಿ ತಿದ್ದಿಕೊಟ್ಟ.

ಕಾರ್ಯಕ್ರಮದ ದಿನ ಮಧ್ಯಾಹ್ನವೇ ಮೈಕು ನೋಡುವುದಕ್ಕೆ ಹಾಲಿಗೆ ಹೋದ. ಖಾಲಿ ಕುರ್ಚಿಗಳು, ನೆಲ ಒರೆಸಿದ ಫಿನಾಯಿಲ್ ವಾಸನೆ, ಹಿಂದಿನ ಬಾಗಿಲಿನಿಂದ ಉದ್ದಕ್ಕೆ ಬಿದ್ದ ಬಿಸಿಲು. ಗುಂಡಿಗಳ ಪೆಟ್ಟಿಗೆಯ ಮುಂದೆ ಈಗ ಕನ್ನಡಕದ ಹೆಂಗಸೊಬ್ಬಳು. ಭಾವ ವೇದಿಕೆಯ ಅಂಚಿನಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದ. ಕತ್ತಿನ ಚರ್ಮ ಸಡಿಲವಾಗಿ, ಅಂಗಿಯ ಕಾಲರಿನಲ್ಲಿ ಅದು ಬೇರೆ ಯಾರದೋ ಕತ್ತಿನ ಹಾಗಿತ್ತು. ಇವನನ್ನು ನೋಡಿ ಎದ್ದು, ತೋಳು ಹಿಡಿದು ಪರದೆಯ ಮರೆಗೆ ಕರೆದುಕೊಂಡು ಹೋದ. "ಒಂದು ಮಾತು. ಆ ಹಾಡನ್ನ ಎರಡು ಮನೆ ಕೆಳಗೆ ಇಟ್ಕೊಳ್ಳೋಣ. ಮಿಕ್ಕವರಿಗೆಲ್ಲ ಹೇಳಿದೀನಿ. ಗಂಟಲು ಅಲ್ಲಿಗೆ ಹೋಗಲ್ಲ ಕಣೋ ಈಗ. ಹೋದ ವರ್ಷದಿಂದಲೇ ಇಲ್ಲ." ಎರಡು ಮನೆ ಕೆಳಗೆ ಅಂದರೆ ಹನ್ನೊಂದು ಗಿಟಾರು, ಆರು ತಿಂಗಳು, ಎಲ್ಲ ನೀರಿನಲ್ಲಿ ಹೋಮ. ಈ ಗಿಟಾರು ಕೂಗುವುದು ಹಳೆಯ ಸ್ವರಕ್ಕೆ, ಭಾವ ಹಾಡುವುದು ಇನ್ನೆಲ್ಲೋ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ ಮಾಡಿದವನ ಬಾಯಿಗೆ ತಾನೇ ಒಂದು ಸೆಟ್ಟು ಕಟ್ಟಿಕೊಡಬೇಕು ಎನಿಸಿತು.

"ನಿನ್ನದು ನನ್ನ ಕಾಲ ಹತ್ತಿರದ ಸ್ಪೀಕರ್‌ಗೆ ಜೋರಾಗಿ ಕೊಡೋಕೆ ಹೇಳಿದೀನಿ" ಎಂದು ಭಾವ ಮುಂದುವರಿಸಿದ. "ಆಗಿನ ಹಾಗೇ. ಆ ಉದ್ದ ಸ್ವರ ನಾನು ಯಾವತ್ತೂ ಒಬ್ಬನೇ ಹಿಡಿದಿದ್ದಲ್ಲ. ನಿನ್ನ ಬಾಸ್ ನನ್ನ ಕಾಲಿಂದ ಬರ್ತಿತ್ತು, ಅದನ್ನ ಹಿಡ್ಕೊಂಡು ನಿಲ್ತಿದ್ದೆ. ಅದು ಇಲ್ದಿದ್ರೆ ಜಾರ್ತಿದ್ದೆ." "ಹಾಲ್‌ಗೆ ಯಾಕೆ ಬಿಡಲಿಲ್ಲ ಭಾವ?" ಎಂದು ಕೇಳಿದ್ದು ತನ್ನ ಬಾಯಿಯೇ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಭಾವ ಲೋಟದೊಳಗೆ ನೋಡಿದ. "ನಿನಗೂ ಗೊತ್ತಿತ್ತಾ. ಮೊದಲನೇ ದಿನ ನೀನು ಹೊಸಬ ಅಂತ ಬಿಡಲಿಲ್ಲ. ಆಸರೆ ಇಲ್ದೆ ಹಾಡ್ತಾನೆ ಅಂತ ಆಗಲೇ ಬರೆದುಬಿಟ್ರಲ್ಲ, ಆಮೇಲೆ ಆಸರೆ ಕೇಳಿಸೋ ಹಾಗಿರಲಿಲ್ಲ. ಕೀಬೋರ್ಡ್ ಬಂದ ಮೇಲೆ ಅದನ್ನೇ ಕಾಲಿಗೆ ಹಾಕಿಸ್ಕೊಂಡೆ, ಆದ್ರೆ ನಿನ್ನದರ ಹಾಗೆ ಆಗಲಿಲ್ಲ. ಈ ಸಲ ಹಾಲ್‌ಗೂ ಬಿಡೋಕೆ ಹೇಳಿದೀನಿ. ಇನ್ನು ಒಬ್ಬನೇ ನಿಂತ್ಕೊಳ್ಳೋ ಆಟ ಸಾಕು." ಬೆನ್ನು ತಟ್ಟಿದ. ಅದೇ ಜಾಗಕ್ಕೆ, ಇಪ್ಪತ್ತೆರಡು ವರ್ಷದ ಹಿಂದೆ ತಟ್ಟಿದ್ದ ಅದೇ ಜಾಗಕ್ಕೆ.

ವೇದಿಕೆಯ ಹಿಂದಿನ ಮೆಟ್ಟಿಲ ಮೇಲೆ ಅವನು ಒಂದು ಗಂಟೆ ಕೂತ. ತನ್ನ ಬಾಸ್ ಕೇಳಿಸದೇ ಇದ್ದದ್ದಲ್ಲ. ಒಬ್ಬನಿಗೆ ಮಾತ್ರ ಕೇಳುತ್ತಿತ್ತು, ಆ ಒಬ್ಬ ಭಾವ. ನೂರಾ ನಲವತ್ತು ಹಾಲುಗಳ ಜನರಿಂದ ಕದ್ದು, ತನ್ನ ಕಾಲ ಕೆಳಗೆ ಹಾಕಿಕೊಂಡು ನಿಂತಿದ್ದ. ಯಾರಿಗೂ ಬೇಡದ್ದನ್ನು ಬಿಸಾಡಿದ್ದರೆ ಸಹಿಸಬಹುದಿತ್ತು, ಬೇಕಾದದ್ದನ್ನು ಬಚ್ಚಿಟ್ಟುಕೊಂಡಿದ್ದ. ತುಸು ಹೆಮ್ಮೆಯೂ ಆಯಿತು, ಅದು ಆದದ್ದಕ್ಕೆ ಮೈಯೆಲ್ಲ ಉರಿಯಿತು. ಆಮೇಲೆ, ಪೆಟ್ಟಿಗೆ ತೆರೆದು ಗಿಟಾರನ್ನು ಎತ್ತುವಾಗ, ವಿಷಯ ತಾನಾಗಿ ಸ್ಪಷ್ಟವಾಯಿತು. ಭಾವ ಕಾಲಿಂದ ಬರುವ ಸ್ವರವನ್ನು ಹಿಂಬಾಲಿಸುತ್ತಾನೆ. ಹಾಗಿದ್ದರೆ ಗಿಟಾರು ಹಳೆಯ ಸ್ವರಕ್ಕೆ ಕೂಗಿದರೆ ಅಲ್ಲಿಗೇ ಹತ್ತುತ್ತಾನೆ, ಗಂಟಲು ಹೋಗದ ಕಡೆಗೆ, ತನ್ನ ಕಾಲ ಮೇಲೆ ತಾನೇ. ನುಂಗುವುದಕ್ಕಿಂತ ಇದು ಮೇಲು. ಪೆಟ್ಟಿಗೆಯ ತಳದಲ್ಲಿ ಹಳದಿ ಟವೆಲು ಇತ್ತು. ಅದನ್ನು ನೋಡಿದ. ಮುಚ್ಚಳ ಹಾಕಿದ.

ಸಂಜೆ ಹಾಲು ತುಂಬಿತ್ತು. ಮೊದಲ ಸಾಲಿನ ನಡುವೆ ಅಕ್ಕ. ಅವನು ಮೊದಲ ಏಳು ಹಾಡುಗಳನ್ನು ಒಂದು ಸ್ವರವೂ ಆಚೀಚೆಯಾಗದಂತೆ ಬಾರಿಸಿದ. ಕೈಕೆಲಸ ಕೆಡಿಸುವುದು ಅವನಿಂದ ಆಗದು. ಪ್ರತಿ ಸಲ ಕೈ ಎತ್ತುವಾಗ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿದ. ಹಾಲಿಗೆ ಅವನ ಬಾಸ್ ಕೇಳುತ್ತಿತ್ತು. ನೆಲದಲ್ಲಿ, ಕುರ್ಚಿಗಳಲ್ಲಿ ಅದು ಓಡಾಡುವುದು ಅವನ ಪಾದಕ್ಕೆ ತಿಳಿಯುತ್ತಿತ್ತು, ಬಯಸಿದ್ದೆಲ್ಲ ಸಿಕ್ಕಿಬಿಟ್ಟಿತ್ತು, ಇಲ್ಲಿಗೆ ನಿಲ್ಲಿಸಬಹುದಿತ್ತು. ಆ ಹಾಡು ಬಂತು. ಎರಡು ಮನೆ ಕೆಳಗೆ, ಮೊದಲ ಚರಣ, ಎರಡನೆಯದು. ಮೂರನೆಯದರಲ್ಲಿ ಉಳಿದ ವಾದ್ಯಗಳೆಲ್ಲ ನಿಂತವು. ಭಾವ ಉದ್ದ ಸ್ವರಕ್ಕೆ ಬಾಯಿ ತೆರೆದ. ಅವನು ಹಿಂದಿನ ಸ್ಪೀಕರಿನತ್ತ ಅರ್ಧ ಹೆಜ್ಜೆ ತಿರುಗಿ, ತಂತಿಗಳ ಮೇಲಿಂದ ಎರಡೂ ಕೈ ತೆಗೆದ.

ಒಂದು, ಎರಡು. ಊಳು ಎದ್ದಿತು. ಅದು ತಪ್ಪೆಂದು ಯಾರಿಗೂ ಅನಿಸುವಂತಿರಲಿಲ್ಲ. ತುಂಬಿದ, ಗಂಭೀರವಾದ ಒಂದೇ ಸ್ವರ, ಹಳೆಯ ಸ್ವರ. ಭಾವನ ಬೆನ್ನು ಒಂದು ಕ್ಷಣ ಅನುಮಾನಿಸಿತು. ಭಾವ ಹಾಡುತ್ತಿದ್ದುದು ಸರಿಯಾಗಿಯೇ ಇತ್ತು. ಸರಿಯಾದದ್ದನ್ನು ಬಿಟ್ಟು ಅವನು ಮೇಲೆ ಹತ್ತಿದ. ಕತ್ತಲಲ್ಲಿ ಮೆಟ್ಟಿಲು ಇದೆಯೆಂದು ಕಾಲಿಡುವವನ ಹಾಗೆ, ನಂಬಿ ಹತ್ತಿದ. ನಾಲ್ಕು, ಐದು. ದನಿ ಒಡೆಯಿತು. ಉಸಿರೆಳೆದು ಮತ್ತೆ ಹತ್ತಿದ, ಮತ್ತೆ ಒಡೆಯಿತು. ಈಗಲಾದರೂ ಬಿಡುತ್ತಾನೆ, ಹಿಂದಿರುಗಿ ನನ್ನನ್ನು ನೋಡುತ್ತಾನೆ ಎಂದು ಅವನು ಕಾದ. ಭಾವ ತಿರುಗಲಿಲ್ಲ. ಕಾಲ ಬಳಿಯ ಸ್ಪೀಕರಿನ ಕಡೆಗೆ ಬಗ್ಗಿ, ಕಿವಿ ಅದಕ್ಕೆ ಕೊಟ್ಟು, ಮೂರನೆಯ ಸಲ ಹತ್ತಿದ. ಗಂಟಲಿನಿಂದ ಬಂದದ್ದು ದನಿಯಲ್ಲ, ಗಾಳಿ. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕರು. ಅಂಗೈಯನ್ನು ತಂತಿಯ ಮೇಲಿಟ್ಟರೆ ಎಲ್ಲ ನಿಲ್ಲುತ್ತಿತ್ತು. ಇಡುತ್ತೇನೆ, ಇನ್ನೊಂದು ಎಣಿಕೆ ಎಂದುಕೊಂಡ. ಹನ್ನೆರಡನೆಯದಕ್ಕೆ ಇಟ್ಟ. ಅಷ್ಟೂ ಹೊತ್ತು ಅಕ್ಕ ಗಂಡನನ್ನು ನೋಡುತ್ತಿರಲಿಲ್ಲ, ಇವನ ಗಾಳಿಯಲ್ಲಿದ್ದ ಎರಡು ಕೈಗಳನ್ನು ನೋಡುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು, ವಯಸ್ಸಾದವರಿಗೆ ತಟ್ಟುವ ರೀತಿಯಲ್ಲಿ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಭಾವ ಕುರ್ಚಿಯ ಮೇಲೆ ಕುಸಿದು ಕೂತಿದ್ದ. ಅಂಗಿ ಬೆವರಿನಿಂದ ಮೈಗಂಟಿತ್ತು. ಅವನು ಬಾಗಿಲಲ್ಲಿ ನಿಂತ. ಭಾವ ತಲೆ ಎತ್ತಿ ನೋಡುತ್ತಾನೆ, ನೀನೇ ಮಾಡಿದ್ದು ಎನ್ನುತ್ತಾನೆ, ಹೌದು ನಾನೇ ಎಂದು ಹೇಳಬೇಕು, ಇಪ್ಪತ್ತೆರಡು ವರ್ಷದ ಲೆಕ್ಕವನ್ನೆಲ್ಲ ಏಕವಚನದಲ್ಲಿ ಹೇಳಿಬಿಡಬೇಕು. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಭಾವ ತಲೆ ಎತ್ತಿದ. "ನಿಂದು ಸರಿಯಾಗೇ ಇತ್ತು ಕಣೋ" ಎಂದ, ಉಳಿದಿದ್ದ ಚೂರು ದನಿಯಲ್ಲಿ. "ಎರಡು ಮನೆ ಇಳಿಸಿ ಅಂದವನು ನಾನು, ಮರೆತು ಮೇಲೆ ಹೋದವನೂ ನಾನೇ. ನೀನು ಅಲ್ಲೂ ಬಿಡದೆ ನನ್ನ ಜೊತೆ ಬಂದೆ. ನಾನೇ ಮುಟ್ಟಲಿಲ್ಲ."

"ಭಾವ, ಅದು..." ಎಂದ ಅವನು. ಹೇಳಿದರೂ ಈ ಮನುಷ್ಯ ನಂಬುವುದಿಲ್ಲ, ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾನೆ. ಸೇಡು ತೀರಿತ್ತು, ತೀರಿಸಿಕೊಂಡವನು ಯಾರೆಂದು ಕೇಳಿಸಬೇಕಾದವನಿಗೆ ಕೇಳಿಸಿರಲಿಲ್ಲ.

ಅಷ್ಟರಲ್ಲಿ ಅಕ್ಕ ಒಳಗೆ ಬಂದಳು. ಯಾರ ಜೊತೆಗೂ ಮಾತಾಡದೆ ಮೂಲೆಯಲ್ಲಿದ್ದ ಗಿಟಾರಿನ ಪೆಟ್ಟಿಗೆಯ ಹತ್ತಿರ ಹೋಗಿ, ಬಗ್ಗಿ, ಮುಚ್ಚಳ ತೆರೆದಳು. ಹಳದಿ ಟವೆಲು ತಳದಲ್ಲಿ ಅವಳು ಮಡಿಸಿ ಕೊಟ್ಟ ಹಾಗೇ ಇತ್ತು. ಅದನ್ನು ಎತ್ತಿ ಅಂಗೈಯ ಮೇಲಿಟ್ಟುಕೊಂಡು, ಇಸ್ತ್ರಿಯ ಗೆರೆಯ ಮೇಲೆ ಒಮ್ಮೆ ಹೆಬ್ಬೆರಳು ಎಳೆದಳು. "ಮಡಿಕೆ ಕೂಡ ಮುರಿದಿಲ್ಲ" ಎಂದಳು, ಅವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಆಮೇಲೆ ಟವೆಲನ್ನು ಒದರಿ ಬಿಚ್ಚಿ, ಗಂಡನ ಮುಖದ, ಕತ್ತಿನ ಬೆವರು ಒರೆಸತೊಡಗಿದಳು. ಭಾವ ಮಗುವಿನ ಹಾಗೆ ಮುಖ ಎತ್ತಿ ಕೊಟ್ಟ. ಅವನು ಬಾಗಿಲಲ್ಲೇ ನಿಂತಿದ್ದ. ಅಕ್ಕ ಅವನ ಕಡೆ ತಿರುಗದೆ, "ನೀನಿನ್ನು ಹೊರಡು" ಎಂದಳು.